ಅಂಗೈಯಣ್ಣ ಐಸ್ ಬಾಕ್ಸ್ ಆರಿಸಿದ ಕಥೆ

ಅಂಗೈಯಣ್ಣನಿಗಿಂತ ಅವನ ಬಲಗೈ ದೊಡ್ಡ ಮನುಷ್ಯ. ಅಣ್ಣನನ್ನು ಕಂಡರೆ ಜನ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಕೈಯನ್ನು ಕಂಡರೆ ನಿಂತು ಮಾತಾಡಿಸುತ್ತಿದ್ದರು. ಬೇರೆಯವರು ಒಂದು ವಸ್ತುವನ್ನು ನೋಡಿ ತಿಳಿಯುತ್ತಾರೆ, ಇವನು ಮುಟ್ಟಿ ತಿಳಿಯುತ್ತಿದ್ದ. ಕಣ್ಣು ಮುಚ್ಚಿ, ಗದ್ದವನ್ನು ಒಂದಿಷ್ಟು ಮೇಲೆತ್ತಿ, ಬಲ ಅಂಗೈಯನ್ನು ವಸ್ತುವಿನ ಮೇಲೆ ಒತ್ತಿ, ಹತ್ತು ಎಣಿಸುವಷ್ಟು ಹೊತ್ತು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ಆಮೇಲೆ ಕಣ್ಣು ತೆರೆದು ತೀರ್ಪು ಕೊಡುತ್ತಿದ್ದ. ಇಷ್ಟೇ ಚಾಳಿ. ಇಷ್ಟರಿಂದಲೇ ಬೀದಿಯವರು ಒಂದು ಚರಿತ್ರೆ ಕಟ್ಟಿದರು.

ಚರಿತ್ರೆಯಲ್ಲಿ ನಿಜವೂ ಸ್ವಲ್ಪ ಇತ್ತು. ಅವನು ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ನೋಡಿಕೊಳ್ಳುವವನು. ಹನ್ನೊಂದು ಕೋಣೆ, ಹನ್ನೊಂದು ದಪ್ಪ ಬಾಗಿಲು, ಒಳಗೆ ಆಲೂಗಡ್ಡೆ, ಸೇಬು, ಬಟಾಣಿ, ಬೆಣ್ಣೆ. ದಿನಾ ಬೆಳಿಗ್ಗೆ ಬಾಗಿಲಂಚಿನ ರಬ್ಬರ್ ಪಟ್ಟಿಗಳ ಮೇಲೆ ಅಂಗೈ ಆಡಿಸಿ ತಂಪು ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಅವನ ಕೆಲಸ. ಒಂದು ಸಲ ನಾಲ್ಕನೇ ಕೋಣೆಯ ಬಾಗಿಲಿಗೆ ಅಂಗೈ ಒತ್ತಿ, "ಒಳಗೆ ಎಡಗಡೆ ಫ್ಯಾನ್ ನಿಂತಿದೆ" ಎಂದ. ತೆಗೆದು ನೋಡಿದರೆ ನಿಂತಿತ್ತು. ಇದು ನಿಜ. ಸಂಜೆಯ ಹೊತ್ತಿಗೆ ಈ ಸುದ್ದಿ ಬೀದಿಗೆ ಬಂದಾಗ, ಯಾವ ಮೂಟೆಯ ಎಷ್ಟನೇ ಆಲೂಗಡ್ಡೆ ಮೊದಲು ಮೊಳೆಯುತ್ತದೆ ಅನ್ನುವುದನ್ನೂ ಅವನು ಹೇಳಿದ್ದ. ಮುಂದಿನ ವಾರಕ್ಕೆ, ಫೋನಿನ ಮೇಲೆ ಅಂಗೈ ಇಟ್ಟು ಆ ಕಡೆ ಮಾತಾಡುತ್ತಿರುವವರಿಗೆ ನೆಗಡಿ ಆಗಿದೆ ಎಂದು ಹೇಳಿದ್ದ. ತಾಯಂದಿರು ಜ್ವರದ ಮಕ್ಕಳನ್ನು ಎತ್ತಿಕೊಂಡು ಬರತೊಡಗಿದರು. "ತೊಂಬತ್ತೊಂಬತ್ತೂವರೆ" ಎನ್ನುತ್ತಿದ್ದ ಅಂಗೈಯಣ್ಣ. ಆ ಅರೆ ಡಿಗ್ರಿಯೇ ಜನರನ್ನು ಗೆದ್ದಿದ್ದು. ಮೂಲೆಯ ಔಷಧಿ ಅಂಗಡಿಯವನು ಥರ್ಮಾಮೀಟರ್ ತರಿಸುವುದನ್ನೇ ಬಿಟ್ಟನಂತೆ. ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಹೊರಗಿನಿಂದ ಯಾರಾದರೂ ಬಂದರೆ ಮೊದಲು ಯಂತ್ರಗಳನ್ನು ತೋರಿಸಿ, ಕೊನೆಗೆ ಧ್ವನಿ ತಗ್ಗಿಸಿ, "ಇನ್ನು ನಮ್ಮ ಅಸಲಿ ಯಂತ್ರ ನೋಡಿ" ಎಂದು ಇವನನ್ನು ಕರೆಯುತ್ತಿದ್ದ.

ಈ ಅಸಲಿ ಯಂತ್ರ ಕೆಟ್ಟು ಎರಡು ವರ್ಷವಾಗಿತ್ತು.

ಮೊದಲು ಕಿರುಬೆರಳ ತುದಿ ಹೋಯಿತು. ಆಮೇಲೆ ಪಕ್ಕದ್ದು, ಅದರ ಪಕ್ಕದ್ದು, ಸಾಲು ಮನೆಗಳಲ್ಲಿ ಒಂದೊಂದಾಗಿ ದೀಪ ಆರಿದ ಹಾಗೆ. ಮೂರು ತಿಂಗಳಲ್ಲಿ ಅಂಗೈಯೂ ಹೋಯಿತು. ಹಿಡಿಯುವುದು, ಎತ್ತುವುದು, ಗುಂಡಿ ಹಾಕುವುದು, ಎಲ್ಲ ಮೊದಲಿನ ಹಾಗೇ. ಆದರೆ ಬಿಸಿ, ತಂಪು, ನುಣುಪು, ಒರಟು ಅನ್ನುವ ಸುದ್ದಿ ಬರುವುದು ನಿಂತಿತು. ಡಾಕ್ಟರು ನರದ ಚಿತ್ರ ಬರೆದು ತೋರಿಸಿದರು. "ಇಪ್ಪತ್ತೊಂಬತ್ತು ವರ್ಷ ಐಸಿಗೆ ಕೈ ಕೊಟ್ಟಿದ್ದೀರಿ. ವಾಪಸ್ ಬರೋದು ಕಷ್ಟ" ಎಂದರು. ಅಂಗೈಯಣ್ಣ "ಸರಿ" ಎಂದು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಬಂದ. ದಾರಿಯಲ್ಲಿ ಅಳು ಬರಬಹುದೇನೋ ಎಂದು ಒಂದು ಮರದ ಕೆಳಗೆ ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಬಸ್ಸು ಬಂತು, ಹತ್ತಿದ.

ಯಾರಿಗೂ ಹೇಳಲಿಲ್ಲ. ಸುಳ್ಳು ಹೇಳಬೇಕೆಂಬ ಹಂಚಿಕೆಯೇನೂ ಇರಲಿಲ್ಲ. ಕೇಳಿದವರಿದ್ದರೆ ಹೇಳುತ್ತಿದ್ದನೋ ಏನೋ. ಕೆಲಸಕ್ಕೆ ಒಂದು ಉಪಾಯ ತಾನಾಗಿಯೇ ಸಿಕ್ಕಿತು. ಗೋಣಿಚೀಲದಿಂದ ಗೇಣುದ್ದದ ಒಂದು ಎಳೆ ಕಿತ್ತು, ಬೆರಳ ಸಂದಿಯಲ್ಲಿ ಸಿಕ್ಕಿಸಿ, ಬಾಗಿಲಂಚಿನ ಹತ್ತಿರ ಕೈ ಆಡಿಸುವುದು. ಗಾಳಿ ಸೋರುವ ಕಡೆ ಎಳೆ ಅಲುಗುತ್ತದೆ. ನೋಡುವವರಿಗೆ ಅಂಗೈ ಕಾಣುತ್ತಿತ್ತು, ಎಳೆ ಕಾಣುತ್ತಿರಲಿಲ್ಲ. ಜ್ವರದ ಮಕ್ಕಳಿಗೆ ಹಣೆ ಮುಟ್ಟುವ ನೆಪದಲ್ಲಿ ಬಗ್ಗಿ ತನ್ನ ಕೆನ್ನೆ ತಾಗಿಸಿ ನೋಡುತ್ತಿದ್ದ. "ಎಷ್ಟು ಪ್ರೀತಿ ನೋಡಿ" ಎಂದು ತಾಯಂದಿರು ಕಣ್ಣೊರೆಸಿಕೊಂಡರು. ಚರಿತ್ರೆಗೆ ಇನ್ನೊಂದು ಅಧ್ಯಾಯ ಸೇರಿತು.

ಜೋಮು ಮಾತ್ರ ಕೈಯಲ್ಲೇ ನಿಲ್ಲಲಿಲ್ಲ. ಮೆಲ್ಲಗೆ ಒಳಗೂ ನಡೆಯಿತು. ಊಟದಲ್ಲಿ ಉಪ್ಪು ಕಮ್ಮಿಯಾದರೂ ಹಾಕಿಸಿಕೊಳ್ಳುತ್ತಿರಲಿಲ್ಲ. ಟಿವಿಯಲ್ಲಿ ತಮಾಷೆ ಬಂದರೆ, ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೂ ಒಂದು ಸಲ ನಕ್ಕು ಹಾಜರಿ ಹಾಕುತ್ತಿದ್ದ. ಮಾತುಗಳು ಅವನಿಗೆ ಕೋಲ್ಡ್ ಸ್ಟೋರೇಜಿನ ಬಾಗಿಲ ಆಚೆಯಿಂದ ಬಂದ ಹಾಗೆ, ದಪ್ಪಗೆ, ದೂರದಿಂದ ಕೇಳಿಸುತ್ತಿದ್ದವು. ಅದರಿಂದ ಬೇಜಾರು ಆಗುತ್ತಿತ್ತೇ ಎಂದರೆ, ಅದೂ ಇಲ್ಲ.

ಹೆಂಡತಿಗೆ ಗೊತ್ತಿತ್ತು. ಒಂದು ದಿನ ಒಲೆಯಿಂದ ಆಗ ತಾನೇ ಇಳಿದ ಹಾಲಿನ ಪಾತ್ರೆಯನ್ನು ಅವನು ಬರಿಗೈಯಲ್ಲಿ ಹಿಡಿದುಕೊಂಡು, "ಎಲ್ಲಿಡಲಿ?" ಎಂದು ಅಡುಗೆಮನೆಯ ನಡುವೆ ನಿಂತಿದ್ದ. ಅವಳು ಕಿತ್ತುಕೊಂಡಳು, ಸಿಂಕಿನ ನಲ್ಲಿ ತಿರುಗಿಸಿ ಅವನ ಕೈಯನ್ನು ಕೆಳಗೆ ಹಿಡಿದಳು. ಮಾರನೆಯ ದಿನದಿಂದ ಮನೆಯ ಪ್ರತಿ ಪಾತ್ರೆಯ ಹಿಡಿಗೂ ಒಂದೊಂದು ಬಟ್ಟೆ ಸುತ್ತಿತ್ತು. ಪಾತ್ರೆಗಳೆಲ್ಲ ಯುದ್ಧದಿಂದ ಬಂದ ಗಾಯಾಳುಗಳಂತೆ ಸಾಲಾಗಿ ಕೂತವು. ಆ ವಿಷಯ ಅಲ್ಲಿಗೇ ಮುಗಿಯಿತು.

ಈ ಕಥೆಗೆ ಕಾರಣವಾದವಳು ಅಂಗೈಯಣ್ಣನ ತಮ್ಮನ ಮಗಳು. ಹದಿನೈದು ವರ್ಷ, ಎರಡು ಜಡೆ, ಸಕ್ಕರೆ ಕಾಯಿಲೆ. ಒಂಬತ್ತನೇ ವಯಸ್ಸಿನಿಂದ ದಿನಕ್ಕೆ ನಾಲ್ಕು ಸಲ ತನಗೆ ತಾನೇ ಸೂಜಿ ಚುಚ್ಚಿಕೊಳ್ಳುವವಳು. ಆ ಆರು ವರ್ಷದಲ್ಲಿ ಒಂದು ರಾತ್ರಿಯೂ ಮನೆಯಿಂದ ಹೊರಗೆ ಮಲಗಿದವಳಲ್ಲ, ಯಾಕೆಂದರೆ ಔಷಧಿ ಫ್ರಿಜ್ಜಿನಲ್ಲಿರಬೇಕು, ಫ್ರಿಜ್ಜು ಮನೆಯಲ್ಲಿದೆ, ಆದ್ದರಿಂದ ಹುಡುಗಿಯೂ ಮನೆಯಲ್ಲಿರಬೇಕು ಅನ್ನುವುದು ಅವಳಪ್ಪನ ವಾದ. ಅವಳಿಗೆ ಕೆರೆಯ ಆಚೆ ಕಾಡಂಚಿನಲ್ಲಿ ಟೆಂಟ್ ಹಾಕಿ ಮೂರು ದಿನ ಇರಬೇಕೆಂಬ ಆಸೆ. ಆರು ವರ್ಷ ಕೇಳಿದ್ದಳು. ಈ ವರ್ಷ ಕೇಳಲಿಲ್ಲ. ಟೆಂಟಿನ ಚಿತ್ರವೊಂದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಸುಮ್ಮನಾದಳು. ಅದಕ್ಕೆ ಅಪ್ಪ ಸೋತ.

ಅಪ್ಪ ಅಂದರೆ ಅಂಗೈಯಣ್ಣನ ತಮ್ಮ, ಸ್ಕೂಲ್ ವ್ಯಾನ್ ಓಡಿಸುವವನು. ಬಾಯಿ ಜೋರು, ಎದೆ ಪುಕ್ಕಲು. ಅಣ್ಣನ ಅಂಗೈಯ ಚರಿತ್ರೆಯಲ್ಲಿ ಮುಕ್ಕಾಲು ಪಾಲು ಬರೆದವನು ಇವನೇ.

"ಅಣ್ಣಾ," ಎಂದ ಬಂದು, ಚಪ್ಪಲಿ ಬಿಡುವ ಮೊದಲೇ, "ಒಂದು ಐಸ್ ಬಾಕ್ಸ್ ಬೇಕು. ಗಟ್ಟಿ ಮೈಯದ್ದು. ಬಟ್ಟೆ ಚೀಲದ ಥರದ್ದಲ್ಲ. ಮೂರು ದಿನ ತಂಪು ಹಿಡೀಬೇಕು. ಅಲ್ಲಿ ಬಿಸಿಲು ಮೂವತ್ತೆಂಟು ಅಂತೆ, ಔಷಧಿ ಬಿಸಿಯಾದ್ರೂ ಕೆಡುತ್ತೆ, ಹೆಪ್ಪುಗಟ್ಟಿದ್ರೂ ಕೆಡುತ್ತೆ. ಅಂಗಡಿಯವರು ಬಾಯಿಗೆ ಬಂದದ್ದು ಹೇಳ್ತಾರೆ. ನೀನು ಕೈ ಇಟ್ಟು ಹೂಂ ಅಂದ್ರೆ ಹೋಗ್ತೀವಿ. ಉಹೂಂ ಅಂದ್ರೆ ಇಲ್ಲ. ಅಷ್ಟೇ."

"ನೋಡೋಣ" ಎಂದ ಅಂಗೈಯಣ್ಣ.

"ಒಂದೇ ಮಾತು, ಒಂದು ಟೈರಿಗಿಂತ ಜಾಸ್ತಿ ಆಗಬಾರದು."

ವ್ಯಾನಿನ ತಮ್ಮ ಜಗತ್ತಿನ ಎಲ್ಲ ಬೆಲೆಗಳನ್ನೂ ಟೈರಿನಲ್ಲೇ ಅಳೆಯುತ್ತಿದ್ದ. ಮಗಳ ಕನ್ನಡಕ ಅರ್ಧ ಟೈರು, ಮನೆಯ ತಿಂಗಳ ಬಾಡಿಗೆ ಎರಡು ಟೈರು.

ಬಾಗಿಲ ಹಿಂದಿನಿಂದ ಅತ್ತಿಗೆಯ ದನಿ ಬಂತು: "ಐಸ್ ಬಾಕ್ಸ್ ತಗೊಳ್ಳೋಕೆ ಅಂಗೈ ಯಾಕಪ್ಪ? ಒಳಗೆ ಐಸ್ ಹಾಕಿ ಮಾರನೇ ದಿನ ತೆಗೆದು ನೋಡಿದ್ರೆ ಆಗಲ್ವಾ?"

"ಅತ್ತಿಗೆ, ಮನೆಯಲ್ಲಿ ಇಂಥ ಕೈ ಇಟ್ಟುಕೊಂಡು ಅಷ್ಟು ಕಷ್ಟ ಯಾಕೆ?" ಎಂದ ಮೈದುನ. ಅತ್ತಿಗೆ ಗಂಡನ ಮುಖ ನೋಡಿದಳು. ಗಂಡ ಗೋಡೆಯ ಕ್ಯಾಲೆಂಡರ್ ನೋಡಿದ.

ಅಂಗಡಿ ಮುಖ್ಯ ಬೀದಿಯಲ್ಲಿತ್ತು. ಟೆಂಟು, ಹಗ್ಗ, ಟಾರ್ಚು, ಮಡಚುವ ಕುರ್ಚಿ. ಅಂಗಡಿಯವನು ತೆಳ್ಳಗಿನ ಮನುಷ್ಯ, ಎಂದೂ ಬೆಟ್ಟ ಹತ್ತಿದವನಲ್ಲ, ಆದರೆ ಮೈಮೇಲೆ ಹನ್ನೆರಡು ಜೇಬಿನ ಅಂಗಿ. ಅಂಗೈಯಣ್ಣ ಬರುವ ಸುದ್ದಿಯನ್ನು ತಮ್ಮ ಮುಂಚಿತವಾಗಿಯೇ ಮುಟ್ಟಿಸಿದ್ದ. ಅಂಗಡಿಯವನು ಬೆಳಿಗ್ಗೆಯೇ ಮೂರು ಪೆಟ್ಟಿಗೆಗಳಲ್ಲಿ ಐಸ್ ತುಂಬಿ, ಮುಚ್ಚಿ, ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ. ಒಂದು ಬಿಳಿ, ಒಂದು ನೀಲಿ, ಒಂದು ಕೆಂಪು.

"ಸಾರ್, ಈ ಬಿಳೀದಿದೆಯಲ್ಲ, ಇದರ ಮೇಲೆ ಕರಡಿ ಕೂತ್ರೂ ಒಡೆಯಲ್ಲ."

"ಕರಡಿ ಯಾಕ್ರೀ ಕೂರುತ್ತೆ?" ಎಂದ ತಮ್ಮ.

"ಕೂತ್ರೆ ಅಂದೆ."

"ಕೂತ ಮೇಲೆ ನಾವು ಪೆಟ್ಟಿಗೆ ವಾಪಸ್ ಕೇಳೋಕೆ ಹೋಗ್ತೀವಾ? ಬೆಲೆ?"

ಅಂಗಡಿಯವನು ಬೆಲೆ ಹೇಳಿದ. ತಮ್ಮ ಬೆರಳು ಮಡಚಿ ಎಣಿಸಿ, "ನಾಲ್ಕು ಟೈರು, ಜೊತೆಗೆ ಸ್ಟೆಪ್ನಿ" ಎಂದು ಉಸಿರುಬಿಟ್ಟ. ನೀಲಿಗೆ ಒಂದು ಟೈರಿಗೆ ಸ್ವಲ್ಪ ಮೇಲೆ. ಕೆಂಪಿಗೆ ಅರ್ಧ ಟೈರು. ಕೆಂಪು ನೋಡಲು ಚೆನ್ನಾಗಿತ್ತು. ಮೇಲೆ ಲೋಟ ಇಡಲು ನಾಲ್ಕು ಗುಂಡಿಗಳು, ಎರಡು ಚಕ್ರ, ಎಳೆಯಲು ಹಿಡಿ.

"ಇನ್ನು ನೀನುಂಟು, ಪೆಟ್ಟಿಗೆಯುಂಟು" ಎಂದು ತಮ್ಮ ಹಿಂದೆ ಸರಿದು ಕೈಕಟ್ಟಿ ನಿಂತ. ಅಂಗಡಿಯವನು ರೇಡಿಯೋ ಆರಿಸಿದ. ಕುರ್ಚಿ ಕೊಳ್ಳಲು ಬಂದ ದಂಪತಿ ಕೂಡ ತಿರುಗಿ ನಿಂತರು. ಹುಡುಗಿ ಮೇಜಿನ ಆ ಪಕ್ಕದಲ್ಲಿ ಗದ್ದ ಊರಿಕೊಂಡು ಕೂತಿದ್ದಳು.

ಅಂಗೈಯಣ್ಣ ಕಣ್ಣು ಮುಚ್ಚಿದ, ಗದ್ದ ಎತ್ತಿದ, ಬಿಳಿಯದರ ಮೇಲೆ ಅಂಗೈ ಇಟ್ಟ. ಏನೂ ಇಲ್ಲ. ನೀಲಿಯದರ ಮೇಲಿಟ್ಟ. ಏನೂ ಇಲ್ಲ. ಕೆಂಪಿನ ಮೇಲಿಟ್ಟ. ಅಲ್ಲೂ ಏನೂ ಇಲ್ಲ. ಹೊರಗೆ ತಂಪು ಒಂದಿನಿತೂ ಬರದ ಪೆಟ್ಟಿಗೆಯೇ ಒಳ್ಳೆಯ ಪೆಟ್ಟಿಗೆ ಎಂಬುದು ಅವನ ವೃತ್ತಿಯ ಮೊದಲ ಪಾಠ. ಆ ಲೆಕ್ಕದಲ್ಲಿ ಎರಡು ವರ್ಷದಿಂದ ಅವನ ಕೈಗೆ ಸಿಕ್ಕಿದ ಪೆಟ್ಟಿಗೆಗಳೆಲ್ಲ ಒಳ್ಳೆಯವೇ, ಗೋಡೆಗಳೆಲ್ಲ ಒಳ್ಳೆಯವೇ, ಇಡೀ ಪ್ರಪಂಚವೇ ಎಲ್ಲೂ ಸೋರದ ಗಟ್ಟಿ ಪೆಟ್ಟಿಗೆ. ಮೂರೂ ಒಂದೇ ಆದಮೇಲೆ ಅಗ್ಗದ್ದೇ ಆಗಲಿ ಎಂದು ಅವನಿಗೆ ತೋರಿತು. ಯೋಚನೆ ಅಲ್ಲಿಗೆ ನಿಂತಿತು. ಮುಂದಕ್ಕೆ ಹೋಗುವ ಉಮೇದು ಅದಕ್ಕಿರಲಿಲ್ಲ.

"ಕೆಂಪು" ಎಂದ, ಕಣ್ಣು ತೆರೆಯುವ ಮೊದಲೇ. "ಒಂದು ಚೂರೂ ಸೋರ್ತಿಲ್ಲ."

ತಮ್ಮ ಚಪ್ಪಾಳೆ ತಟ್ಟಿದ. ಅಂಗಡಿಯವನು ಬಾಯಿ ತೆರೆದ, ಮುಚ್ಚಿದ, ಬಿಲ್ ಪುಸ್ತಕ ತೆಗೆದ. ಆ ಕಣ್ಣು ಮುಚ್ಚುವ ಗತ್ತು ಒಂದು ಇಲ್ಲದಿದ್ದರೆ ಅಂಗೈಯಣ್ಣ ತಾನೇ ನೋಡುತ್ತಿದ್ದ: ಕೆಂಪು ಪೆಟ್ಟಿಗೆಯ ಮುಚ್ಚಳದ ಸುತ್ತ ನೀರು ಹನಿಹನಿಯಾಗಿ ಕೂತು, ಓಡಿ ಬಂದವನ ಹಣೆಯಂತೆ ಬೆವರುತ್ತಿತ್ತು. ಕಣ್ಣು ತೆರೆಯುವಷ್ಟರಲ್ಲಿ ತಮ್ಮ ಅದನ್ನು ತಬ್ಬಿಕೊಂಡು ಎತ್ತಿಯಾಗಿತ್ತು. ಬೆವರೆಲ್ಲ ಅವನ ಅಂಗಿಗೆ.

ಹುಡುಗಿ ನೋಡಿದ್ದಳು. ಮುಚ್ಚಳದ ಅಂಚಿನ ಮೇಲೆ ಬೆರಳಾಡಿಸಿ, ಒದ್ದೆ ಬೆರಳನ್ನು ಒಂದು ಕ್ಷಣ ನೋಡಿಕೊಂಡು, ಲಂಗಕ್ಕೆ ಒರೆಸಿಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಶಾಲೆ ಬಿಟ್ಟವಳೇ ದೊಡ್ಡಪ್ಪನ ಮನೆಗೆ ಬಂದಳು. ಅವನಿಗೆ ವಾರದ ರಜೆ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಚಪ್ಪಲಿಗೆ ಉಂಗುಷ್ಟ ಹೊಲಿಯುತ್ತಿದ್ದ. ಸೂಜಿ ಎರಡು ಸಲ ಹೆಬ್ಬೆರಳಿಗೆ ಚುಚ್ಚಿದ್ದು ರಕ್ತ ಕಂಡಮೇಲೆ ಗೊತ್ತಾಗಿತ್ತು.

"ದೊಡ್ಡಪ್ಪ, ಆ ಪೆಟ್ಟಿಗೆ ಬೆವರ್ತಿತ್ತು."

"ಸೆಕೆ ಇತ್ತಲ್ಲ."

"ನೀಲಿ ಬೆವರ್ತಿರ್ಲಿಲ್ಲ. ಬಿಳೀದೂ ಬೆವರ್ತಿರ್ಲಿಲ್ಲ."

ಅಂಗೈಯಣ್ಣ ದಾರ ಎಳೆದ. ಹುಡುಗಿ ಅವನ ಹೆಬ್ಬೆರಳ ರಕ್ತ ನೋಡಿದಳು, ಸೂಜಿ ನೋಡಿದಳು. ಸೂಜಿಯ ವಿಷಯದಲ್ಲಿ ಅವಳಿಗೆ ತಿಳಿಯದ್ದು ಕಮ್ಮಿ. ಎದ್ದು ಹೋಗಿ ಮೂಲೆಯ ಪೊರಕೆಯಿಂದ ಒಂದು ತೆಳು ಕಡ್ಡಿ ಕಿತ್ತು ತಂದಳು.

"ಬಲಗೈ ಕೊಡಿ. ಕಣ್ಣು ಮುಚ್ಚಿ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನಬೇಕು."

"ಇದೇನಾಟ?"

"ವರ್ಷಕ್ಕೊಂದು ಸಲ ಡಾಕ್ಟರು ನನ್ನ ಪಾದಕ್ಕೆ ಹೀಗೇ ಮಾಡ್ತಾರೆ, ಸಕ್ಕರೆ ಕಾಯಿಲೆ ಇದ್ದೋರಿಗೆ ಪಾದ ಜೋಮು ಹಿಡಿಯುತ್ತಂತೆ. ಮುಚ್ಚಿ ದೊಡ್ಡಪ್ಪ, ಕಳ್ಳಾಟ ಬೇಡ."

ಅಂಗೈಯಣ್ಣ ಕಣ್ಣು ಮುಚ್ಚಿದ. ಅಭ್ಯಾಸಬಲದಿಂದ ಗದ್ದವೂ ಮೇಲೆದ್ದಿತು. ಪಕ್ಕದ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು. ಬಕೆಟ್ ತುಂಬುವ ಸದ್ದು ಮೆಲ್ಲಗೆ ಏರಿ ಏರಿ ನಿಂತಿತು. ಅವನು ಕಾದ. ಕಾಗೆಯೊಂದು ಕೂಗಿ ಹೋಯಿತು. ಹುಡುಗಿ ಯಾಕೋ ತಡಮಾಡುತ್ತಿದ್ದಾಳೆ ಎನಿಸಿತು.

"ಶುರು ಮಾಡೇ ಪುಟ್ಟಿ, ಎಷ್ಟು ಹೊತ್ತು?"

"ಮುಗೀತು ದೊಡ್ಡಪ್ಪ."

ಅವನು ಕಣ್ಣು ತೆರೆದ. ಅಂಗೈ ತುಂಬ ಪೊರಕೆ ಕಡ್ಡಿ ಒತ್ತಿದ ಸಣ್ಣ ಸಣ್ಣ ಗುರುತು. ಇಪ್ಪತ್ತೋ ಮೂವತ್ತೋ.

ಹುಡುಗಿ ಅಳುತ್ತಾಳೇನೋ ಅಂದುಕೊಂಡ. ಅವಳು ಅಳುವ ಪೈಕಿ ಅಲ್ಲ. "ಯಾವಾಗಿಂದ?" ಎಂದಳು, ಡಾಕ್ಟರ ಥರವೇ.

"ಎರಡು ವರ್ಷ."

"ಮತ್ತೆ ಕೋಲ್ಡ್ ಸ್ಟೋರೇಜಲ್ಲಿ?"

ಅಂಗಿಯ ಜೇಬಿನಿಂದ ಗೋಣಿಯ ಎಳೆ ತೆಗೆದು ತೋರಿಸಿದ. ಹುಡುಗಿ ಅದನ್ನು ಬೆಳಕಿಗೆ ಹಿಡಿದು, ಬಾಯಿಂದ ಮೆಲ್ಲಗೆ ಊದಿ, ಅದು ಅಲುಗುವುದನ್ನು ನೋಡಿದಳು. ಆಮೇಲೆ ನಕ್ಕಳು. ಒಂದು ಸಲ ನಗು ಬಂದದ್ದು ನಿಲ್ಲಲೇ ಇಲ್ಲ. ಮೆಟ್ಟಿಲ ಮೇಲೆ ಮುಖ ಮುಚ್ಚಿಕೊಂಡು ನಕ್ಕಳು. "ಮ್ಯಾನೇಜರು... ಅಸಲಿ ಯಂತ್ರ..." ಅಂಗೈಯಣ್ಣ ಅವಳ ನಗು ಮುಗಿಯುವ ತನಕ ಕಾದು, ತಾನೂ ಒಂದು ಸಲ ನಕ್ಕ.

"ಅಪ್ಪನಿಗೆ ನಾನು ಹೇಳಲ್ಲ. ನೀವೇ ಹೇಳಿ" ಎಂದಳು. "ಮೊದಲು ಪೆಟ್ಟಿಗೆ ಬದಲಾಯಿಸೋಣ."

"ನೋಡೋಣ" ಎಂದ. ಯಾವುದಕ್ಕೆ ನೋಡೋಣ ಎಂದನೋ ಅವಳು ಕೇಳಲಿಲ್ಲ.

ಮಾರನೆಯ ದಿನ ಅವಳಿಗೆ ಶಾಲೆಗೆ ರಜೆ. ಅಂಗೈಯಣ್ಣ ಅರ್ಧ ದಿನ ರಜೆ ಬರೆದು, ಕೆಂಪು ಪೆಟ್ಟಿಗೆಯನ್ನು ಚಕ್ರದ ಮೇಲೆ ಎಳೆದುಕೊಂಡು ಅವಳ ಜೊತೆ ಅಂಗಡಿಗೆ ನಡೆದ. ಅಂಗಡಿಯವನು ಬೀಗ ತೆಗೆಯುತ್ತಿದ್ದವನು ತಿರುಗಿ ನೋಡಿ ಎರಡೂ ಕೈ ಮೇಲೆತ್ತಿದ. "ಬರ್ತೀರಿ ಅಂತ ಗೊತ್ತಿತ್ತು ಸಾರ್. ಅವತ್ತೇ ಹೇಳ್ಬೇಕಂತಿದ್ದೆ. ನಿಮ್ಮ ಅಂಗೈ ಮುಂದೆ ನನ್ನ ಬಾಯಿ ಯಾವ ಲೆಕ್ಕ ಅಂತ ಸುಮ್ಮನಾದೆ."

"ಬದಲಾಯಿಸಿ ಕೊಡ್ತೀರಾ?"

"ಕೊಡ್ತೀನಿ. ಆದ್ರೆ ಈ ಸಲ ಏನು ಮುಟ್ಟಿ ಆರಿಸ್ತೀರಿ?"

"ಈ ಸಲ ನೋಡಿ ಆರಿಸ್ತೀವಿ" ಎಂದಳು ಹುಡುಗಿ.

ಆ ದಿನ ಅಂಗೈಯಣ್ಣ ಮಾಡಿದ ಕೆಲಸ ಅವನ ಚರಿತ್ರೆಯಲ್ಲಿ ಎಲ್ಲೂ ದಾಖಲಾಗಿಲ್ಲ. ಅವನ ಬದುಕಿನಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಮಾಡಿದ ಕೆಲಸ ಅದೇ. ಮೊದಲು ಬೆರಳ ಗೆಣ್ಣಿನಿಂದ ಮುಚ್ಚಳ ತಟ್ಟಿದ. ಕೈ ಹೋದರೂ ಕಿವಿ ಇನ್ನೂ ನೌಕರಿಯಲ್ಲಿತ್ತು. ಕೆಂಪಿನ ಮುಚ್ಚಳ ಖಾಲಿ ಡಬ್ಬದಂತೆ ಟಕಟಕ ಎಂದಿತು. "ಮೈಗೆ ಫೋಮ್ ತುಂಬಿದ್ದಾರೆ, ಮುಚ್ಚಳಕ್ಕೆ ತುಂಬಿಲ್ಲ. ಒಳಗೆ ಬರೀ ಗಾಳಿ" ಎಂದ. ನೀಲಿಯದು ಡಬ್ ಎಂದು ಮಂದವಾಗಿ ಉತ್ತರ ಕೊಟ್ಟಿತು. ಆಮೇಲೆ ಅಂಗಡಿಯವನ ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು, ಉದ್ದುದ್ದ ಚೂರು ಮಾಡಿ, ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ, ಒಂದೊಂದೇ ಚೂರನ್ನು ಹುಡುಗಿಯ ಕೈಲಿ ಎಳೆಸಿದ. ಕೆಂಪಿನಲ್ಲಿ ಚೂರುಗಳು ಬೆಣ್ಣೆಯೊಳಗಿಂದ ಬಂದ ಹಾಗೆ ಬಂದವು. ನೀಲಿಯಲ್ಲಿ ಎರಡು ಹರಿದವು, ಒಂದು ಬರಲೇ ಇಲ್ಲ. ನೀರು ಬಸಿಯುವ ಬಿರಡೆ ತಿರುಗಿಸಿ ನೋಡಿದ, ಕೀಲುಗಳನ್ನು ಇಪ್ಪತ್ತು ಸಲ ತೆರೆದು ಮುಚ್ಚಿದ, ಕೊನೆಗೆ ನೀಲಿಯ ಮೇಲೆ ತಾನೇ ಹತ್ತಿ ಕೂತ.

"ಕರಡಿಗಿಂತ ಕಮ್ಮಿ ತೂಕ" ಎಂದ ಅಂಗಡಿಯವನು.

"ಬೆಲೆ ಸ್ವಲ್ಪ ಜಾಸ್ತಿಯಾಯ್ತು" ಎಂದ ಅಂಗೈಯಣ್ಣ, ಕೂತಲ್ಲಿಂದಲೇ.

ಅಂಗಡಿಯವನು ಒಳಗೆ ಹೋಗಿ ಇನ್ನೊಂದು ನೀಲಿ ತಂದ. ಸಾಗಿಸುವಾಗ ಉಜ್ಜಿ ಒಂದು ಪಕ್ಕದಲ್ಲಿ ಉದ್ದಕ್ಕೆ ಗೀರು ಬಿದ್ದಿತ್ತು. "ಇದನ್ನ ಒಂದು ಟೈರಿಗೇ ಕೊಡ್ತೀನಿ. ನಿಮ್ಮ ತಮ್ಮ ನನಗೂ ಟೈರಿನ ಲೆಕ್ಕ ಕಲಿಸಿಬಿಟ್ಟಿದ್ದಾರೆ." ಅಂಗೈಯಣ್ಣ ಮತ್ತೆ ಮೊದಲಿನಿಂದ ತಟ್ಟಿದ, ಚೂರು ಎಳೆಸಿದ, ಬಿರಡೆ ತಿರುಗಿಸಿದ. ಗೀರು ಮೇಲಿನದಷ್ಟೇ.

ಆಮೇಲೆ ಅವನೂ ಹುಡುಗಿಯೂ ಕೋಲ್ಡ್ ಸ್ಟೋರೇಜಿನಿಂದ ತಂದ ಐಸನ್ನು ಕೆಂಪಿಗೂ ಗೀರಿನ ನೀಲಿಗೂ ಸರಿಸಮ ತೂಗಿ ಹಾಕಿ, ಅಂಗಡಿಯ ಮುಂದಿನ ಬಿಸಿಲಲ್ಲಿ ಇಟ್ಟರು. ಹುಡುಗಿ ಮನೆಯ ಫ್ರಿಜ್ಜಿನಲ್ಲಿ ಔಷಧಿಯ ಪಕ್ಕ ಇಡುವ ಪುಟ್ಟ ಥರ್ಮಾಮೀಟರ್ ತಂದಿದ್ದಳು, ಅಂಕಿ ತೋರಿಸುವಂಥದ್ದು. ಔಷಧಿ ಐಸಿಗೆ ನೇರ ತಾಗಬಾರದೆಂದು ನಡುವೆ ಟವೆಲು ಸುತ್ತಿದ ಡಬ್ಬಿ, ಅದರೊಳಗೆ ಥರ್ಮಾಮೀಟರ್. ಸಂಜೆ ಆ ಡಬ್ಬಿಯನ್ನು ಎರಡರಲ್ಲೂ ಸ್ವಲ್ಪ ಸ್ವಲ್ಪ ಹೊತ್ತು ಇಟ್ಟು ನೋಡಿದರೆ ಕೆಂಪು ಪೆಟ್ಟಿಗೆಯಲ್ಲಿ ಹದಿನಾಲ್ಕು, ನೀಲಿಯಲ್ಲಿ ಐದು. ಎರಡಕ್ಕಿಂತ ಮೇಲೆ, ಎಂಟಕ್ಕಿಂತ ಕೆಳಗೆ ಇರಬೇಕು ಎಂಬುದು ಔಷಧಿಯ ಚೀಟಿಯ ಆಜ್ಞೆ. ಹುಡುಗಿ ಐದು ಅನ್ನುವ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಆರು ವರ್ಷದ ಬಾಗಿಲಿಗೆ ಅದೊಂದು ಬೀಗದಕೈ. ದೊಡ್ಡಪ್ಪನಿಗೆ ಏನಾದರೂ ಅನಿಸಬೇಕಿತ್ತು. ಅವನು ಅಂಗಡಿಯವನ ಪೊರಕೆ ತೆಗೆದುಕೊಂಡು, ಬಸಿದು ಹೋದ ನೀರನ್ನು ಚರಂಡಿಗೆ ಗುಡಿಸಿದ.

ತಮ್ಮನಿಗೆ ಅವನು ಹೇಳಿದ್ದು ಒಂದೇ ವಾಕ್ಯ: "ಕೆಂಪು ಬೇಡ, ನೀಲಿ ಆಗಲಿ." ಆ ಒಂದು ವಾಕ್ಯದಿಂದ ತಮ್ಮ ರಾಮಾಯಣ ಕಟ್ಟಿದ. ಅಂಗೈ ಎರಡು ದಿನ ಯೋಚಿಸಿ ತಾನೇ ತೀರ್ಪು ತಿದ್ದಿಕೊಂಡಿತಂತೆ! ದೊಡ್ಡ ದೊಡ್ಡ ನ್ಯಾಯಾಧೀಶರಿಗೂ ಆ ಗುಣವಿಲ್ಲವಂತೆ! ವ್ಯಾನಿನಲ್ಲಿ ದಿನವೂ ಕೂರುವ ಇಪ್ಪತ್ತೆರಡು ಮಕ್ಕಳು ಅದನ್ನು ಇಪ್ಪತ್ತೆರಡು ಮನೆಗೆ ಹೊತ್ತುಕೊಂಡು ಹೋದವು. ಅಂಗೈಯಣ್ಣ ಪ್ರತಿ ಸಂಜೆಯೂ ತಮ್ಮನ ಮನೆಯ ತನಕ ಹೋಗಿ, "ಏನಣ್ಣ?" ಎಂದರೆ "ಏನಿಲ್ಲ" ಎಂದು ತಿರುಗಿ ಬರುತ್ತಿದ್ದ.

"ಇವತ್ತೂ ಹೇಳಲಿಲ್ವಾ?" ಎಂದಳು ಒಂದು ಸಂಜೆ ಹೆಂಡತಿ, ತರಕಾರಿ ಹೆಚ್ಚುತ್ತ, ತಲೆ ಎತ್ತದೆ. ಎರಡು ವರ್ಷದಲ್ಲಿ ಅವಳು ಆ ವಿಷಯ ಎತ್ತಿದ್ದು ಅದೇ ಮೊದಲು.

"ಯಾಕೋ ಬಾಯಿಗೆ ಬರಲ್ಲ."

"ಬಾಯಿಗೂ ಜೋಮು ಹಿಡೀತಾ ಮಹಾಶಯರೇ?" ಎಂದಳು. ಸ್ವಲ್ಪ ತಡೆದು, "ಹೇಳಿದ್ರೆ ಕೋಲ್ಡ್ ಸ್ಟೋರೇಜಲ್ಲಿ ಏನಂತಾರೆ?" ಎಂದಳು.

"ಬಾಗಿಲಿಂದ ತೆಗೀತಾರೆ. ಮೂಟೆ ಎಣಿಸೋಕೆ ಹಾಕ್ತಾರೆ."

"ಎಣಿಸಿ. ಎಣಿಸೋಕೆ ಬರುತ್ತಲ್ಲ" ಎಂದು ಅವಳು ತರಕಾರಿಯನ್ನು ಪಾತ್ರೆಗೆ ಹಾಕಿದಳು.

ಹೊರಡುವ ದಿನ ಬೆಳಿಗ್ಗೆ ಏಳೂವರೆಗೆ ವ್ಯಾನ್ ಬಾಗಿಲಲ್ಲಿ ನಿಂತಿತ್ತು. ಟೆಂಟು ಮೇಲೆ ಕಟ್ಟಿಯಾಗಿತ್ತು. ಹುಡುಗಿಯ ಅಮ್ಮ ಬ್ರೆಡ್ಡು, ಮೊಟ್ಟೆ, ಹಣ್ಣು ಎಲ್ಲ ಹಿಂದಿನ ಸೀಟಿಗೆ ಒಟ್ಟಿದ್ದಳು. ನೀಲಿ ಪೆಟ್ಟಿಗೆ ಕಾಂಪೌಂಡ್ ಗೋಡೆಯ ಪಕ್ಕ ಸ್ಟೂಲಿನ ಮೇಲೆ, ಗೀರು ಬಿದ್ದ ಪಕ್ಕ ಗೋಡೆಗೆ ತಿರುಗಿಸಿಕೊಂಡು, ಮದುವೆಗೆ ಬಂದ ಅತಿಥಿಯಂತೆ ಕೂತಿತ್ತು. ತಮ್ಮ ಬೀದಿಯವರಿಗೆಲ್ಲ ಹೇಳಿ ಕಳಿಸಿದ್ದ. ಇಸ್ತ್ರಿ ಅಂಗಡಿಯವನು ಬಂದಿದ್ದ, ಔಷಧಿ ಅಂಗಡಿಯವನು ಬಂದಿದ್ದ, ಮೂರು ಮನೆಯ ಹೆಂಗಸರು ಕೈಯಲ್ಲಿ ಕಾಫಿ ಲೋಟ ಹಿಡಿದೇ ಬಂದಿದ್ದರು. ಅಂಗೈಯಣ್ಣ ಹೆಂಡತಿಯ ಜೊತೆ ಬೀಳ್ಕೊಡಲು ಬಂದು ಗುಂಪಿನ ಹಿಂದೆ ನಿಂತ.

"ಬಾ ಅಣ್ಣ, ಮುಂದೆ ಬಾ!" ತಮ್ಮ ಪೆಟ್ಟಿಗೆಯ ಮುಚ್ಚಳ ತೆರೆದು, ಟವೆಲಿನೊಳಗಿನ ಡಬ್ಬಿ ನೋಡಿ, ಅದರಿಂದ ಪುಟ್ಟ ಥರ್ಮಾಮೀಟರನ್ನು ಹೊರಗೆ ಎಳೆದ. "ಇದೇನಿದು ಪುಟ್ಟಿ, ಆಟದ ಸಾಮಾನು? ದೊಡ್ಡಪ್ಪನ ಕೈ ಇರುವಾಗ ಇದು ಬೇರೆ ಕೇಡು. ಅವಮಾನ ಅಲ್ವಾ ಅವರಿಗೆ?" ಎಂದು ಅದನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟುಬಿಟ್ಟ. "ಅಣ್ಣ, ನಿನಗೂ ಸೀಟ್ ಇಟ್ಟಿದ್ದೀನಿ. ಅತ್ತಿಗೆಗೂ ಇದೆ. ಮೂರು ದಿನ, ಬೆಳಿಗ್ಗೆ ಸಾಯಂಕಾಲ, ನೀನು ಕೈ ಇಟ್ಟು ಹೇಳಿದ ಮೇಲೇ ಇವಳು ಔಷಧಿ ತಗೊಳ್ಳೋದು. ನೀನು ಸರಿ ಅಂದ್ರೆ ಸರಿ. ಈಗ ಒಂದು ಸಲ ಎಲ್ಲರ ಮುಂದೆ ಇಟ್ಟು ಹೇಳು, ಹೊರಡೋಣ."

ಹುಡುಗಿ ವ್ಯಾನಿನ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಳು. ದೊಡ್ಡಪ್ಪನನ್ನೇ ನೋಡುತ್ತಿದ್ದಳು. ಎರಡು ಜಡೆಯಲ್ಲಿ ಒಂದು ಕಿಟಕಿಯ ಹೊರಗೆ ನೇತಾಡುತ್ತಿತ್ತು.

ಅಂಗೈಯಣ್ಣ ಮುಂದೆ ಬಂದ. ಗುಂಪು ದಾರಿ ಬಿಟ್ಟಿತು. ಹೆಂಗಸರು ಲೋಟಗಳನ್ನು ಸದ್ದಾಗದಂತೆ ಕೆಳಗಿಳಿಸಿದರು. ಔಷಧಿ ಅಂಗಡಿಯವನು ಕನ್ನಡಕ ಸರಿಮಾಡಿಕೊಂಡ. ಅಷ್ಟು ವರ್ಷದ ಕೀರ್ತಿ ಮೆಲ್ಲಗೆ ಮೇಲೆದ್ದು ನೀಲಿ ಮುಚ್ಚಳದ ಮೇಲೆ ಇಳಿಯಿತು. ಗದ್ದ ಮೇಲೆದ್ದಿತು. ಕಣ್ಣು ಮಾತ್ರ ಈ ಸಲ ಮುಚ್ಚಲಿಲ್ಲ.

ಹೆದರಿಕೆ ಆಗುತ್ತದೇನೋ ಎಂದು ಅವನು ನೋಡಿಕೊಂಡ. ಆಗಲಿಲ್ಲ. ನಾಚಿಕೆಯೂ ಆಗಲಿಲ್ಲ. ಒಳಗೆ ಎಂದಿನಂತೆ ಹನ್ನೊಂದೂ ಬಾಗಿಲು ಮುಚ್ಚಿದ್ದವು. ಅವನ ಕಣ್ಣಿಗೆ ಬಿದ್ದದ್ದು ಒಂದೇ: ಗೋಡೆಯ ಮೇಲೆ, ಬೆಳಗಿನ ಬಿಸಿಲಿನಲ್ಲಿ, ಆ ಪುಟ್ಟ ಥರ್ಮಾಮೀಟರ್. ಅದರಲ್ಲಿ ಹನ್ನೊಂದು ಇತ್ತು. ನೋಡುತ್ತಿದ್ದಂತೆ ಹದಿನಾರಾಯಿತು. ಇಪ್ಪತ್ತೆರಡಾಯಿತು. ಅದು ಯಾರ ದಾಕ್ಷಿಣ್ಯಕ್ಕೂ ಬೀಳದೆ, ಯಾರ ಕೀರ್ತಿಯನ್ನೂ ಕೇಳದೆ, ತನ್ನ ಪಾಡಿಗೆ ಏರುತ್ತಿತ್ತು.

"ಏನು ಹೇಳ್ತಿದೆ ಅಣ್ಣ, ಅಂಗೈ?" ಎಂದ ತಮ್ಮ, ಇಡೀ ಬೀದಿಗೆ ಕೇಳುವ ಹಾಗೆ.

"ಏನೂ ಹೇಳ್ತಿಲ್ಲ ಕಣೋ. ಈ ಕೈಗೆ ಎರಡು ವರ್ಷದಿಂದ ಏನೂ ಗೊತ್ತಾಗಲ್ಲ. ಆ ಥರ್ಮಾಮೀಟರ್ ಒಳಗಿಡು."